ಮನೆಯಿದೆ, ಹೋಂ ನರ್ಸ್ ಸಂಬಳಕ್ಕೆ ದುಡ್ಡಿಲ್ಲ

ಕಾರ್ಕಳದ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವುದು ಹಿರಿಯರು ಮಾತ್ರ. ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ. ಓಡಾಡಿಕೊಂಡಿರುವಷ್ಟು ಕಾಲ ಚಿಂತೆಯಿಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಕಷ್ಟ ಶುರು. ಹೋಂ ನರ್ಸ್ ಇಟ್ಟರೂ, ಆರೈಕೆಯಿರುವ ವೃದ್ಧಾಶ್ರಮಕ್ಕೆ ಸೇರಿಸಿದರೂ ತಿಂಗಳಿಗೆ ಐದಂಕಿಯ ಖರ್ಚು.

ಈ ಖರ್ಚಿಗೆಂದೇ ಹಿರಿಯರ ಕೈಗೆ ಹಣ ಕೊಡುವ ಯೋಜನೆ ಕೇಂದ್ರದಲ್ಲೂ ಇಲ್ಲ, ರಾಜ್ಯದಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಆರಂಭಿಸಿದ, 70 ದಾಟಿದವರ ಆಯುಷ್ಮಾನ್ ವಿಮೆ 5 ಲಕ್ಷ ರೂಪಾಯಿಯದು. ಆದರೆ ಡಿಸ್‌ಚಾರ್ಜ್ ಆದಮೇಲಿನ ತಿಂಗಳುಗಟ್ಟಲೆ ಆರೈಕೆ ಅದರಲ್ಲಿ ಸೇರಿಲ್ಲ. 65 ದಾಟಿದ ಬಡವರಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ. ಆಯುಷ್ಯವಿಡೀ ಬೀಡಿ ಕಟ್ಟಿದ ಹೆಂಗಸರಿಗೆ ಪಿಎಫ್ ಪಿಂಚಣಿಯುಂಟು. ಅದರ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 80ರೊಳಗಿನವರಿಗೆ ಕೇಂದ್ರ ಕೊಡುವ ಪಾಲಂತೂ ಇನ್ನೂ 200 ರೂಪಾಯಿ. ಇದು ನಾಚಿಕೆಗೇಡಿನ ಮೊತ್ತ. ಹಾಸಿಗೆ ಹಿಡಿದವರಿಗಾದರೂ ಪಿಂಚಣಿಯ ಮೇಲೆ ಪ್ರತ್ಯೇಕ ಆರೈಕೆ ಭತ್ಯೆ ಬೇಕು.

ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯ ಅನುದಾನ ಸೇರುವುದು ಆಶ್ರಮ ನಡೆಸುವ ಸಂಸ್ಥೆಗೆ. ಅಂಥ ಕಡೆ ನಿರ್ಗತಿಕರಿಗೆ ಊಟ, ವಸತಿ ಉಚಿತ. ಸೇರಿಸುವ ಮೊದಲು ಆ ಅನುದಾನ ಇದೆಯೇ ಎಂದು ಕೇಳಬೇಕು.

ಹೆಚ್ಚು ಇಕ್ಕಟ್ಟು ಮನೆ, ತೋಟ ಇದ್ದೂ ಕೈಯಲ್ಲಿ ಕಾಸಿಲ್ಲದವರದು. ಬಿಪಿಎಲ್ ಸವಲತ್ತು ಅವರಿಗಿಲ್ಲ. 30 ಲಕ್ಷ ಕೂಡಿಟ್ಟವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಶೇ 8.2ರ ದರದಲ್ಲಿ ತಿಂಗಳಿಗೆ 20,500 ರೂಪಾಯಿಯಷ್ಟು ಬಡ್ಡಿ ತರುತ್ತದೆ, ಮೂರು ತಿಂಗಳಿಗೊಮ್ಮೆ. ಅಷ್ಟು ಗಂಟು ಎಷ್ಟು ಮಂದಿಯಲ್ಲಿದೆ? ಮನೆ ಅಡವಿಟ್ಟು ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಇದೆಯಲ್ಲ ಎನ್ನಬಹುದು. ಅದಕ್ಕೆ ಮನೆ ಸ್ವಯಾರ್ಜಿತವಾಗಿರಬೇಕು. ಅಳಿಯಸಂತಾನದ ಕಾಲದಿಂದ ಪಾಲಾಗದೆ ಉಳಿದ ಕುಟುಂಬದ ಮನೆಯನ್ನು ಹಾಗೆ ಅಡವಿಡಲಾಗದು. ಮೇಲಾಗಿ, ಮನೆ ಬಿಟ್ಟು ಆಶ್ರಮದಲ್ಲೇ ನೆಲೆಸಿದರೆ ಸಾಲ ತೀರಿಸಬೇಕಾಗುತ್ತದೆ. ಹೋಂ ನರ್ಸ್ ಇಟ್ಟುಕೊಂಡು ಮನೆಯಲ್ಲೇ ಇರುವವರಿಗೆ ಮಾತ್ರ ಅದು ದಾರಿ.

ಹಾಗಾಗಿ ಆಸ್ತಿ ಬರೆದುಕೊಡುವ ಗಳಿಗೆಯೇ ಮುಖ್ಯ. ಮಕ್ಕಳ ಮೇಲಿನ ಪ್ರೀತಿಯಿಂದ, ಯಾವ ಷರತ್ತೂ ಇಲ್ಲದೆ ದಾನಪತ್ರ ಮಾಡಿಕೊಟ್ಟು ಕೈ ಖಾಲಿ ಮಾಡಿಕೊಳ್ಳುವವರೇ ಹೆಚ್ಚು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, 2007ರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದರೆ ವಾಪಸ್ ಪಡೆಯಬಹುದು. ಷರತ್ತಿತ್ತು ಎಂಬುದನ್ನು ತೋರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊಟ, ಔಷಧ, ಹೋಂ ನರ್ಸ್ ಖರ್ಚು ಯಾರದು ಎಂಬುದನ್ನು ದಾನಪತ್ರದಲ್ಲೇ ಬರೆಸಬೇಕು.

ಜೀವನಾಂಶವನ್ನೂ ಇದೇ ಕಾಯ್ದೆಯಡಿ ಕೇಳಬಹುದು, ತಿಂಗಳಿಗೆ 10,000 ರೂಪಾಯಿವರೆಗೆ. ಕಾರ್ಕಳದವರ ಅರ್ಜಿ ಹೋಗುವುದು ಕುಂದಾಪುರದ ಉಪವಿಭಾಗಾಧಿಕಾರಿಗೆ. ನೋಟಿಸ್ ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ಊರುಗೋಲು ಹಿಡಿದವರು ತಾವೇ ಅಷ್ಟು ದೂರ ಹೋಗಿ ಅರ್ಜಿ ಕೊಡಬೇಕೆಂದೇನಿಲ್ಲ, ಅವರ ಒಪ್ಪಿಗೆ ಪಡೆದ ಬೇರೆಯವರೂ ಸಲ್ಲಿಸಬಹುದು. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸಬಹುದು.