ಮಿದುಳಿನೊಳಗಿನ ಅರೆನೆರಳು

2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರಿನವರು ಕಂಕಣ ಸೂರ್ಯಗ್ರಹಣ ನೋಡುತ್ತಿದ್ದಾಗ ಬೆಂಗಳೂರಿಗೆ ಕಂಡದ್ದು ಪಾರ್ಶ್ವಗ್ರಹಣ ಮಾತ್ರ. ಬೆಂಗಳೂರು ಆಗ ಚಂದ್ರನ ಅರೆನೆರಳಿನಲ್ಲಿತ್ತು. ಸೂರ್ಯ ಬರೀ ಚುಕ್ಕಿಯಲ್ಲ, ಅಗಲವಾದ ಬಿಂಬ. ಅಡ್ಡ ಬಂದ ಕಾಯ ಅದನ್ನು ಪೂರ್ತಿ ಮುಚ್ಚಿದ ಕಡೆ ದಟ್ಟ ನೆರಳು, ಒಂದಿಷ್ಟು ಮುಚ್ಚಿದ ಕಡೆ ಅರೆನೆರಳು. ಈ ಅರೆನೆರಳಿಗೆ ‘ಪೆನಂಬ್ರಾ’ ಎಂದು ಹೆಸರಿಟ್ಟವನು ಕೆಪ್ಲರ್, 1604ರಲ್ಲಿ.

ಸೌರಕಲೆಗಳ ಕಪ್ಪು ನಡುಭಾಗವನ್ನು ಸುತ್ತಿರುವ ಮಬ್ಬು ಅಂಚಿಗೂ ಇದೇ ಹೆಸರು. ಆ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಖಗೋಳವಿಜ್ಞಾನಿ ಜಾನ್ ಎವರ್‌ಶೆಡ್ 1909ರಲ್ಲಿ ಪತ್ತೆ ಹಚ್ಚಿದ್ದು ಕೊಡೈಕೆನಾಲ್ ವೀಕ್ಷಣಾಲಯದಲ್ಲಿ.

ಆದರೆ ಈ ಪದ ಜೀವ ಉಳಿಸುವ ಕೆಲಸಕ್ಕೆ ಬಂದದ್ದು ನರವೈದ್ಯರ ಕೈಗೆ ಸಿಕ್ಕ ಮೇಲೆ. ಲಕ್ವ ಹೊಡೆಯಿತು ಎನ್ನುತ್ತೇವಲ್ಲ, ಹೆಚ್ಚಿನ ಸಲ ಅದು ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆಗುವಂಥದ್ದು. ರಕ್ತ ಪೂರ್ತಿ ನಿಂತ ನಡುಭಾಗ ನಿಮಿಷಗಳಲ್ಲೇ ಸಾಯುತ್ತದೆ. ಅದರ ಸುತ್ತಲಿನ ಭಾಗಕ್ಕೆ ಅಕ್ಕಪಕ್ಕದ ನಾಳಗಳಿಂದ ಅಷ್ಟಿಷ್ಟು ರಕ್ತ ಬರುತ್ತಿರುತ್ತದೆ. ಅಲ್ಲಿನ ನರಕೋಶಗಳು ಕೆಲಸ ನಿಲ್ಲಿಸಿರುತ್ತವೆ, ಸತ್ತಿರುವುದಿಲ್ಲ. ಕೈ ಎತ್ತಲಾಗದ, ಮಾತು ತೊದಲುವ ರೋಗಿಯ ಮಿದುಳಿನಲ್ಲಿ ಉಳಿಸಿಕೊಳ್ಳಬಹುದಾದ ಎಷ್ಟೋ ಭಾಗ ಇನ್ನೂ ಬದುಕಿಯೇ ಇರುತ್ತದೆ. 1981ರಲ್ಲಿ ಸಂಶೋಧಕ ಆಸ್ಟ್ರುಪ್ ಮತ್ತು ಸಂಗಡಿಗರು ಈ ಭಾಗವನ್ನೇ ಅರೆನೆರಳು ಎಂದು ಕರೆದು ಬರೆದರು. ಹೆಪ್ಪಿನಿಂದಾಗುವ ಪಾರ್ಶ್ವವಾಯುವಿನ ಇಂದಿನ ತುರ್ತು ಚಿಕಿತ್ಸೆ ನಿಂತಿರುವುದು ಅದನ್ನು ಉಳಿಸಿಕೊಳ್ಳುವುದರ ಮೇಲೆ.

ತಡವಾದಷ್ಟೂ ಸತ್ತ ನಡುಭಾಗದ ದಟ್ಟ ನೆರಳು ಹಬ್ಬುತ್ತದೆ. ದೊಡ್ಡ ನಾಳ ಕಟ್ಟಿಕೊಂಡರೆ ಸರಾಸರಿ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬುದು ತಜ್ಞರ ಅಂದಾಜು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸ್ಕ್ಯಾನ್‌ನಲ್ಲಿ ಅರೆನೆರಳು ಉಳಿದಿರುವುದು ಕಂಡರೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ತೂರುನಳಿಕೆಯಿಂದ (ಕ್ಯಾಥೆಟರ್) ಹೆಪ್ಪನ್ನೇ ಹೊರತೆಗೆಯಲು ಸಾಧ್ಯ.

ಈ ಅಮೂಲ್ಯ ಗಂಟೆಗಳನ್ನು ನಮ್ಮ ಮನೆಗಳಲ್ಲಿ ಎಣ್ಣೆ ಉಜ್ಜುವುದರಲ್ಲಿ, ನಾಟಿ ಔಷಧಿಗೆ ಓಡಾಡುವುದರಲ್ಲಿ, ‘ಬೆಳಗಾಗಲಿ, ನೋಡೋಣ’ ಎಂದು ಕಾಯುವುದರಲ್ಲಿ ಕಳೆಯುತ್ತೇವೆ. ಇದು ಸಂಕಟದ ಸಂಗತಿ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತಡವರಿಸಿದರೆ ಅದು ಶುರುವಾದ ಹೊತ್ತನ್ನು ನೆನಪಿಟ್ಟುಕೊಳ್ಳಿ. ರಕ್ತಸ್ರಾವದಿಂದಲೂ ಹೀಗಾಗಬಹುದಾದ್ದರಿಂದ ನೀವಾಗಿಯೇ ಆಸ್ಪಿರಿನ್ ಕೊಡಬೇಡಿ. ತಿನ್ನಲು, ಕುಡಿಯಲು ಏನನ್ನೂ ಕೊಡಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ.