ಗುಣವಾದ ಮಕ್ಕಳು ಮತ್ತು ಎರಡನೆಯ ಕ್ಯಾನ್ಸರ್

೧೯೪೮ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅವರು ಒಂದು ವರದಿಯನ್ನು ಪ್ರಕಟಿಸಿದರು. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದ ಹದಿನಾರು ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಡಲಾಗಿ, ಹತ್ತು ಮಕ್ಕಳು ಕೆಲಕಾಲ ಚೇತರಿಸಿಕೊಂಡಿದ್ದರು. ಆ ಔಷಧವು ಸಿದ್ಧವಾದದ್ದು ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಸಂಶೋಧನಾಲಯದಲ್ಲಿ ಎಂಬುದನ್ನು ನಾವು ನೆನೆಯುವುದು ಉಚಿತ. ಚೇತರಿಕೆ ತಿಂಗಳುಗಳಷ್ಟೇ ಉಳಿಯಿತು. ಆದರೂ ಬಾಗಿಲು ತೆರೆಯಿತು. ಇಂದು ಸಂಪನ್ನ ರಾಷ್ಟ್ರಗಳಲ್ಲಿ ಕ್ಯಾನ್ಸರ್ ತಗುಲಿದ ನೂರು ಮಕ್ಕಳಲ್ಲಿ ಎಂಬತ್ತಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟುತ್ತಾರೆ.

ಹೀಗೆ ಉಳಿದವರು ಬೆಳೆದು ದೊಡ್ಡವರಾದ ಮೇಲೆಯೇ ವೈದ್ಯರಿಗೆ ಇನ್ನೊಂದು ಸಂಗತಿ ಗೋಚರಿಸಿತು. ಇವರಲ್ಲಿ ಕೆಲವರಿಗೆ ಹೊಸದೊಂದು ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿದ್ದಿತು. ಅದು ಹಳೆಯ ರೋಗ ಮರುಕಳಿಸಿದ್ದಲ್ಲ. ಬೇರೆ ಅಂಗದ, ಬೇರೆಯೇ ಜಾತಿಯ ರೋಗ.

ಹಾಜ್‌ಕಿನ್ ರೋಗದ ಉದಾಹರಣೆಯನ್ನು ನೋಡಿರಿ. ಇದು ದುಗ್ಧಗ್ರಂಥಿಗಳ ಕ್ಯಾನ್ಸರ್. ಹಿಂದೆ ಇದಕ್ಕೆ ಕತ್ತಿನಿಂದ ಎದೆಯವರೆಗೆ, ಮೇಲಂಗಿ ಹೊದಿಸಿದಂತೆ, ಸುಮಾರು ೪೦ ಗ್ರೇಯಷ್ಟು ವಿಕಿರಣವನ್ನು ಹಾಯಿಸುತ್ತಿದ್ದರು. (ಗ್ರೇ ಎಂಬುದು ದೇಹವು ಹೀರಿಕೊಂಡ ವಿಕಿರಣದ ಅಳತೆ.) ರೋಗವೇನೋ ಅಡಗಿತು. ಆದರೆ ಕಿರಣಕ್ಕೆ ರೋಗದ ಕಣ ಯಾವುದು, ನೆರೆಯ ಕಣ ಯಾವುದು ಎಂಬ ವಿವೇಕವಿಲ್ಲ. ಅದು ಜೀವಕಣದೊಳಗಿನ ಡಿಎನ್ಎ ಎಳೆಯನ್ನು ಕಡಿಯುತ್ತದೆ. ಕಣವು ಸತ್ತರೆ ಚಿಂತೆಯಿಲ್ಲ, ಎಳೆಯನ್ನು ಸರಿಯಾಗಿ ಬೆಸೆದುಕೊಂಡರೂ ಚಿಂತೆಯಿಲ್ಲ. ತಪ್ಪಾಗಿ ಬೆಸೆದುಕೊಂಡು ಬದುಕಿ ಉಳಿದ ಕಣವೇ ಅಪಾಯಕಾರಿ. ಆ ತಪ್ಪು ಅದರ ಸಂತತಿಗೆಲ್ಲ ಹರಿಯುತ್ತದೆ. ಒಂದರ ಮೇಲೊಂದು ತಪ್ಪು ಕೂಡಿ ಗಡ್ಡೆಯಾಗಲು ಹತ್ತಿಪ್ಪತ್ತು ವರ್ಷಗಳು ಹಿಡಿಯಬಹುದು. ಎದೆಗೆ ವಿಕಿರಣ ಪಡೆದಿದ್ದ ಹೆಣ್ಣುಮಕ್ಕಳನ್ನು ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ದೀರ್ಘಕಾಲ ಗಮನಿಸಿ ನೋಡಿದಾಗ, ಐವತ್ತು ವರ್ಷ ತುಂಬುವುದರೊಳಗೆ ನೂರರಲ್ಲಿ ಸುಮಾರು ಮೂವತ್ತು ಮಂದಿಗೆ ಸ್ತನದ ಕ್ಯಾನ್ಸರ್ ಬಂದೀತೆಂದು ಲೆಕ್ಕಕ್ಕೆ ದೊರೆಯಿತು.

ಥೈರಾಯ್ಡ್ ಗ್ರಂಥಿಯ ನಡತೆ ಇನ್ನೂ ವಿಚಿತ್ರ. ವಿಕಿರಣ ಹೆಚ್ಚಿದಂತೆಲ್ಲ ಅಪಾಯವೂ ಹೆಚ್ಚುತ್ತದೆ. ಆದರೆ ಸುಮಾರು ೨೦ ಗ್ರೇ ದಾಟಿದ ಮೇಲೆ ಅದು ಇಳಿಮುಖವಾಗುತ್ತದೆ! ಕಾರಣ ಸರಳ: ಅಷ್ಟು ವಿಕಿರಣಕ್ಕೆ ಕಣಗಳೇ ಸಾಯುತ್ತವೆ, ಸತ್ತ ಕಣಕ್ಕೆ ಕ್ಯಾನ್ಸರ್ ಬಾರದು.

ಕೆಲವು ಔಷಧಗಳೂ ನಿರಪಾಯವಲ್ಲ. ಅವುಗಳಿಂದ ಬರುವ ಲ್ಯುಕೇಮಿಯಾ ಬಹುಮಟ್ಟಿಗೆ ಮೊದಲ ಹತ್ತು ವರ್ಷಗಳೊಳಗೇ ತಲೆದೋರುತ್ತದೆ.

ಹಾಗೆಂದು ತಪ್ಪನ್ನೆಲ್ಲ ಚಿಕಿತ್ಸೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಳೆಯ ಮಕ್ಕಳ ಅಕ್ಷಿಪಟಲದಲ್ಲಿ ಹುಟ್ಟುವ ರೆಟಿನೊಬ್ಲಾಸ್ಟೋಮ ಎಂಬ ಗಡ್ಡೆಯಿದೆ. ೧೯೭೧ರಲ್ಲಿ ಆಲ್‌ಫ್ರೆಡ್ ನಡ್‌ಸನ್ ಅವರು ೪೮ ರೋಗಿಗಳ ವಿವರವನ್ನು ಮುಂದಿಟ್ಟುಕೊಂಡು, ಈ ಗಡ್ಡೆ ಹುಟ್ಟಲು ಕಣಕ್ಕೆ ಎರಡು ಪೆಟ್ಟುಗಳು ಬೀಳಬೇಕೆಂದು ತರ್ಕಿಸಿದರು. ಆನುವಂಶಿಕ ರೋಗವುಳ್ಳ ಮಗುವಿನಲ್ಲಿ ಮೊದಲ ಪೆಟ್ಟು ಹುಟ್ಟಿನಿಂದಲೇ ದೇಹದ ಎಲ್ಲ ಕಣಗಳಲ್ಲೂ ಇರುತ್ತದೆ. ಕಣ್ಣಿಗೆ ವಿಕಿರಣ ಕೊಟ್ಟರೆ ಅದರ ಗೂಡಿನ ಮೂಳೆಯಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು ಎಂಬುದು ನಿಜ; ಆದರೆ ಕಿರಣವು ಸೋಕದ ತೊಡೆಯ ಮೂಳೆಯಲ್ಲಿಯೂ ಅದು ಹುಟ್ಟುತ್ತದೆ.

ಹಾಗಾದರೆ ಚಿಕಿತ್ಸೆಯನ್ನು ಬಿಡಬೇಕಿತ್ತೆ? ಬಿಟ್ಟಿದ್ದರೆ ಎರಡನೆಯ ರೋಗ ಬರುವಷ್ಟು ಕಾಲ ಆ ಮಕ್ಕಳು ಬದುಕುತ್ತಲೇ ಇರಲಿಲ್ಲ. ವೈದ್ಯರು ಹಿಡಿದ ಹಾದಿ ಬೇರೆ: ಎಷ್ಟು ಕಡಿಮೆ ವಿಕಿರಣದಿಂದ ಗುಣವಾದೀತು ಎಂದು ಹೆಜ್ಜೆ ಹೆಜ್ಜೆಯಾಗಿ ಇಳಿಸುತ್ತ ಬಂದರು. ಉತ್ತರ ಅಮೆರಿಕದ ಆ ಅಧ್ಯಯನದಲ್ಲಿದ್ದವರ ಪೈಕಿ ೧೯೭೦ರ ದಶಕದಲ್ಲಿ ನೂರಕ್ಕೆ ೭೭ ಮಂದಿ ವಿಕಿರಣ ಪಡೆದಿದ್ದರು. ೧೯೯೦ರ ದಶಕದಲ್ಲಿ ೩೩ ಮಂದಿ. ಹದಿನೈದು ವರ್ಷಗಳೊಳಗೆ ಎರಡನೆಯ ಕ್ಯಾನ್ಸರ್ ಬಂದವರ ಪ್ರಮಾಣವು ನೂರಕ್ಕೆ ೨.೧ರಿಂದ ೧.೩ಕ್ಕೆ ಇಳಿಯಿತೆಂದು ೨೦೧೭ರಲ್ಲಿ ಪ್ರಕಟವಾಯಿತು.

ಹಳೆಯ ಪದ್ಧತಿಯಲ್ಲಿ ಗುಣವಾದವರಿಗೆ ಈಗ ಉಳಿದಿರುವುದು ಎಚ್ಚರಿಕೆಯ ಪರೀಕ್ಷೆ. ಎದೆಗೆ ವಿಕಿರಣ ಪಡೆದ ಹೆಂಗಸರು ಇಪ್ಪತ್ತೈದನೆಯ ವಯಸ್ಸಿನಿಂದ, ಅಥವಾ ಚಿಕಿತ್ಸೆಯಾದ ಎಂಟು ವರ್ಷಗಳಿಂದ, ಯಾವುದು ತಡವೋ ಅಂದಿನಿಂದ, ಪ್ರತಿವರ್ಷವೂ ಸ್ತನಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ತಜ್ಞರು ವಿಧಿಸಿದ್ದಾರೆ. ಪರೀಕ್ಷೆಗೆ ಬಂದವರನ್ನು ವೈದ್ಯರು ಮೊದಲು ಕೇಳುವ ಪ್ರಶ್ನೆ: ದೇಹದ ಯಾವ ಭಾಗಕ್ಕೆ, ಎಷ್ಟು ಗ್ರೇ? ಆರನೆಯ ವಯಸ್ಸಿನಲ್ಲಿ ಆದ ಚಿಕಿತ್ಸೆಯ ಲೆಕ್ಕ ರೋಗಿಗೆ ನೆನಪಿರುವುದು ಹೇಗೆ? ತಂದೆತಾಯಿಗಳು ಪೆಟ್ಟಿಗೆಯಲ್ಲಿ ಕಾದಿರಿಸಿದ ಆಸ್ಪತ್ರೆಯ ಹಳೆಯ ಕಾಗದವೇ ಆಗ ಉತ್ತರ ಹೇಳಬೇಕು.