ಮಾದರಿ ರೈಲಿನಲ್ಲಿ ಬ್ಯಾಟರಿಗೆ ಬದಲಾಗಿ ಮಹಾಧಾರಕ

ಮಾದರಿ ರೈಲುಗಳಲ್ಲಿ ಎರಡು ಬಗೆಯುಂಟು. ಹಳಿಗಳ ಮೂಲಕ ವಿದ್ಯುತ್ತನ್ನು ಪಡೆದು ಓಡುವುದು ಒಂದು. ಎಂಜಿನ್ನಿನೊಳಗೆ ಅಡಗಿಸಿದ ಸಂಚಾಯಕ ಕೋಶಗಳ, ಎಂದರೆ ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಗಳ, ಬಲದಿಂದ ಓಡುವುದು ಇನ್ನೊಂದು. ಎರಡನೆಯದರಲ್ಲಿ ಹಳಿಗಳ ಧೂಳು ಕೊಳೆಗಳಿಂದ ಪ್ರವಾಹ ಕಡಿಯುವ ತೊಡಕಿಲ್ಲ. ಆದರೆ ಕೋಶಗಳನ್ನು ತುಂಬಲು ಗಂಟೆಗಟ್ಟಲೆ ಕಾಯಬೇಕು. ಕೆಲವು ನೂರು ಸಲ ತುಂಬಿ ಬರಿದುಮಾಡಿದ ಮೇಲೆ ಅವುಗಳ ಸತ್ತ್ವವು ಉಡುಗುತ್ತದೆ. ಅವುಗಳ ಸ್ಥಾನದಲ್ಲಿ ಸೂಪರ್ ಕೆಪ್ಯಾಸಿಟರನ್ನು ಇಡಬಹುದೆ ಎಂಬುದನ್ನು ಇಲ್ಲಿ ವಿಚಾರಮಾಡೋಣ. ಈ ಉಪಕರಣವನ್ನು ನಾವು ಮಹಾಧಾರಕವೆಂದು ಕರೆಯುತ್ತೇವೆ.

ಕೋಶದಲ್ಲಿ ಶಕ್ತಿಯು ರಾಸಾಯನಿಕ ರೂಪದಲ್ಲಿ ಅಡಗಿರುವುದು. ಮಹಾಧಾರಕದಲ್ಲಾದರೋ ಅಂತಹ ರಾಸಾಯನಿಕ ಕ್ರಿಯೆಗೆ ಎಡೆಯಿಲ್ಲ. ರಂಧ್ರಮಯವಾದ ಇಂಗಾಲದ ಮೇಲ್ಮೈಗೆ ದ್ರವದಲ್ಲಿನ ಅಯಾನುಗಳು ಒತ್ತಾಗಿ ಬಂದು ನಿಲ್ಲುವುದರಿಂದ ಆವೇಶಗಳ ಇಮ್ಮಡಿ ಪದರವೊಂದು ಏರ್ಪಡುತ್ತದೆ. ಇಂತಹ ಪದರವನ್ನು ಹೆಲ್ಮ್‌ಹೋಲ್ಟ್ಸ್ ೧೮೫೩ರಲ್ಲಿಯೇ ವಿವರಿಸಿದ್ದನು. ಇದನ್ನು ಬಳಸಿಕೊಂಡ ಧಾರಕಕ್ಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಗೆ ೧೯೫೭ರಲ್ಲಿ ಪೇಟೆಂಟು ದೊರೆಯಿತು. ಒಂದು ಗ್ರಾಮ್ ಇಂಗಾಲದ ಒಳಹೊರಗಿನ ಮೇಲ್ಮೈ ಸಾವಿರ ಚದರ ಮೀಟರನ್ನೂ ಮೀರಬಹುದಾದುದರಿಂದ ಧಾರಕತೆಯು ನೂರಾರು ಫ್ಯಾರಡ್‌ಗಳವರೆಗೆ ಏರುತ್ತದೆ. ದ್ರವ್ಯವು ಮಾರ್ಪಡದಿರುವ ಕಾರಣ ಇದನ್ನು ಲಕ್ಷಾಂತರ ಸಲ ತುಂಬಿ ಬರಿದುಮಾಡಬಹುದು.

ಇನ್ನು ಲೆಕ್ಕವನ್ನು ನೋಡೋಣ. ೨.೪ ವೋಲ್ಟಿನಲ್ಲಿ ೦.೨೫ ಆಂಪಿಯರ್ ಪ್ರವಾಹವನ್ನು ಬೇಡುವ ಮೋಟಾರಿನ ವ್ಯಯ ೦.೬ ವಾಟ್. ೧.೨ ವೋಲ್ಟಿನ, ೨೦೦೦ ಮಿಲಿಆಂಪಿಯರ್-ಗಂಟೆಯ ಎರಡು ನಿಕ್ಕಲ್ ಲೋಹ-ಹೈಡ್ರೈಡ್ ಕೋಶಗಳಲ್ಲಿ ಸುಮಾರು ೧೭,೨೮೦ ಜೂಲ್ ಶಕ್ತಿಯಿದ್ದು, ಅವು ಈ ಮೋಟಾರನ್ನು ಎಂಟು ಗಂಟೆ ನಡೆಸಬಲ್ಲವು. ೨.೭ ವೋಲ್ಟಿನ, ೧೦೦ ಫ್ಯಾರಡ್‌ನ ಎರಡು ಮಹಾಧಾರಕಗಳನ್ನು ಶ್ರೇಣಿಯಲ್ಲಿ ಜೋಡಿಸಿದರೆ ದೊರೆಯುವುದು ೫.೪ ವೋಲ್ಟ್, ೫೦ ಫ್ಯಾರಡ್. ಒಟ್ಟು ಶಕ್ತಿ ೭೨೯ ಜೂಲ್ ಮಾತ್ರ. ಗಾತ್ರವಾದರೋ ಕೋಶಗಳಿಗಿಂತ ಹಿರಿದು.

ಎರಡನೆಯ ತೊಡಕು ವಿಭವಾಂತರದ್ದು. ಕೋಶದ ವೋಲ್ಟೇಜು ಬರಿದಾಗುವ ತನಕವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಧಾರಕದ್ದು ತಳದಲ್ಲಿ ತೂತಿರುವ ಹಂಡೆಯ ನೀರಿನ ರೀತಿ: ಆವೇಶವು ಹೊರಟಂತೆಲ್ಲ ಮಟ್ಟವೂ ಇಳಿಯುತ್ತದೆ. ನೇರವಾಗಿ ಜೋಡಿಸಿದರೆ ರೈಲು ಮೊದಲು ಮಿತಿಮೀರಿ ಓಡಿ, ಬರಬರುತ್ತ ತೆವಳುವುದು. ಆದುದರಿಂದ ಹೊರಬರುವ ವೋಲ್ಟೇಜನ್ನು ೨.೪ರಲ್ಲಿಯೇ ನಿಲ್ಲಿಸುವ ಪರಿವರ್ತಕವೊಂದು ಬೇಕು. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, ೫.೪ರಿಂದ ೨.೭ಕ್ಕೆ ಇಳಿಯುವಷ್ಟರಲ್ಲಿ ಮುಕ್ಕಾಲು ಪಾಲು, ಎಂದರೆ ೫೪೭ ಜೂಲ್, ಹೊರಬಂದಿರುತ್ತದೆ. ಪರಿವರ್ತಕದ ದಕ್ಷತೆ ನೂರಕ್ಕೆ ಎಂಬತ್ತೆಂದು ಹಿಡಿದರೆ ಓಟದ ಅವಧಿ ಸುಮಾರು ಹನ್ನೆರಡು ನಿಮಿಷ.

ಎಂಟು ಗಂಟೆಯೆಲ್ಲಿ, ಹನ್ನೆರಡು ನಿಮಿಷವೆಲ್ಲಿ! ಆದರೆ ತುಂಬುವ ಕಾಲವನ್ನೂ ಗಮನಿಸಬೇಕಷ್ಟೆ. ೨.೭ ವೋಲ್ಟಿನಿಂದ ೫.೪ಕ್ಕೆ ಏರಿಸಲು ಬೇಕಾದ ಆವೇಶ ೧೩೫ ಕೂಲಂಬ್. ೫ ಆಂಪಿಯರ್ ಪ್ರವಾಹದಲ್ಲಿ ಇದಕ್ಕೆ ಹಿಡಿಯುವುದು ೨೭ ಸೆಕೆಂಡು. ಪುಟ್ಟ ನಿಲ್ದಾಣದಲ್ಲಿ ಸಂಪರ್ಕದ ಪಟ್ಟಿಗಳನ್ನಿಟ್ಟು, ರೈಲು ನಿಂತ ಅರ್ಧ ನಿಮಿಷದಲ್ಲಿ ಅದನ್ನು ಮತ್ತೆ ಸಜ್ಜುಗೊಳಿಸಬಹುದು. ಚೀನಾದ ಗುವಾಂಗ್‌ಝೌ ನಗರದಲ್ಲಿ ೨೦೧೪ರ ಕೊನೆಯಲ್ಲಿ ಆರಂಭವಾದ ಹೈಝು ಟ್ರಾಮಿನ ಸೂತ್ರವೂ ಇದೇ: ನಿಲ್ದಾಣಗಳಲ್ಲಿ ಪ್ರಯಾಣಿಕರು ಹತ್ತಿ ಇಳಿಯುವಾಗ ಅದರ ಮಹಾಧಾರಕಗಳು ತುಂಬಿಕೊಳ್ಳುತ್ತವೆ.

ಪ್ರಯೋಗಕ್ಕೆ ತೊಡಗುವ ವಿದ್ಯಾರ್ಥಿಗಳು ಮೂರು ಎಚ್ಚರಿಕೆಗಳನ್ನು ಮರೆಯಬಾರದು. ಶ್ರೇಣಿಯಲ್ಲಿರುವ ಯಾವ ಧಾರಕವೂ ೨.೭ ವೋಲ್ಟನ್ನು ಮೀರದಂತೆ ಸಮತೋಲನದ ಏರ್ಪಾಡಿರಬೇಕು. ಬರಿದಾದ ಧಾರಕವು ತುಂಬುವ ಮೂಲಕ್ಕೆ ಮೋಟುಮಂಡಲದಂತೆಯೇ ತೋರುವುದರಿಂದ, ಪ್ರವಾಹವನ್ನು ಮಿತಿಗೊಳಿಸುವ ಮೂಲವನ್ನೇ ಬಳಸಬೇಕು. ತುಂಬಿದ ಧಾರಕದ ತುದಿಗಳು ಒಂದನ್ನೊಂದು ತಾಕಿದರೆ ಕಿಡಿ ಹಾರಿ ತಂತಿ ಕಾದು ಕೈ ಸುಡಬಹುದು. ಅಲ್ಲದೆ, ತುಂಬಿಟ್ಟ ಆವೇಶವು ಕೆಲವು ದಿನಗಳಲ್ಲಿ ತಾನಾಗಿಯೇ ಸೋರಿಹೋಗುವುದು. ಕಪಾಟಿನಿಂದ ತೆಗೆದೊಡನೆ ಓಡಬೇಕಾದ ರೈಲಿಗೆ ಇದು ತಕ್ಕುದಲ್ಲ.

ಆದುದರಿಂದ ಕೋಶವೋ ಧಾರಕವೋ ಎಂಬ ಪ್ರಶ್ನೆಗೆ ಉತ್ತರವು ಉಪಕರಣದಲ್ಲಿಲ್ಲ, ರೈಲಿನ ದಾರಿಯಲ್ಲಿದೆ. ತೋಟವನ್ನೆಲ್ಲ ಸುತ್ತಿಬರಬೇಕಾದ, ನಡುವೆ ನಿಲ್ದಾಣವಿಲ್ಲದ ರೈಲಿಗೆ ಕೋಶವೇ ಇರಲಿ. ಕೆಲವೇ ನಿಮಿಷಗಳಿಗೊಮ್ಮೆ ನಿಲ್ಲುವ ರೈಲಿಗೆ ಮಹಾಧಾರಕವು ಸಾಲದೆ ಹೋಗುವುದಿಲ್ಲ. ವರ್ಷಗಟ್ಟಲೆ ಬದಲಾವಣೆಯನ್ನು ಬೇಡುವುದೂ ಇಲ್ಲ. ಮೊದಲು ಮೋಟಾರಿನ ಪ್ರವಾಹವನ್ನೂ ನಿಲ್ದಾಣಗಳ ನಡುವಣ ಕಾಲವನ್ನೂ ಅಳೆದು, ಆಮೇಲೆ ಆಯ್ಕೆಮಾಡುವುದೇ ಯುಕ್ತವಾದ ಕ್ರಮ.